ಒಂದೇ ಸಲಕ್ಕೆ ಇಳಿಯದವನು

ಶನಿವಾರದ ಸೆಮಿನಾರಿನಲ್ಲಿ ಯಾರಾದರೂ ತೂಕಡಿಸಿದರೆ ಸೇಫ್ಟಿ ಮೇಡಂಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಹಾಗೆ ನೋಡಿದರೆ ಅವಳ ಹೊಟ್ಟೆಪಾಡು ಹಲ್ಲಿನ ಡಾಕ್ಟರಿಕೆ. ವಾರವಿಡೀ ಊರವರ ಬಾಯಿ ತೆರೆಸುವವಳು ಶನಿವಾರ ಬೆಳಿಗ್ಗೆ ಊರಾಚೆಯ ಪುಟ್ಟ ಫ್ಲೈಯಿಂಗ್ ಕ್ಲಬ್ಬಿನಲ್ಲಿ ತಾನೇ ಬಾಯಿ ತೆರೆಯುತ್ತಿದ್ದಳು. ಹ್ಯಾಂಗರಿನ ಮಗ್ಗುಲಲ್ಲೇ ಒಂದು ಉದ್ದನೆಯ ಕೋಣೆ, ಮಡಚುವ ಕುರ್ಚಿಗಳು, ಗೋಡೆಗೊಂದು ಬಿಳಿ ಬೋರ್ಡು. ಅಲ್ಲಿ ಸೇರುತ್ತಿದ್ದವರೆಲ್ಲ ಸ್ವಂತ ಖುಷಿಗೆ ಸಣ್ಣ ವಿಮಾನ ಹಾರಿಸುವವರು: ಮೆಡಿಕಲ್ ಸ್ಟೋರಿನವರು, ವಕೀಲೆ, ಮೇಷ್ಟ್ರು, ಕೆಲಸದಿಂದ ನಿವೃತ್ತರಾದ ಎಂಜಿನಿಯರು. ಮೊದಲು ಸುರಕ್ಷತೆಯ ಪಾಠ, ಆಮೇಲೆ ಹಾರಾಟ, ಕೊನೆಗೆ ಕಾಫಿ ಮತ್ತು ಹೊಟ್ಟೆ ತುಂಬ ಹರಟೆ. ಪಾಠ ಮಾಡುತ್ತ ಮಾಡುತ್ತ ಅವಳು ಎಲ್ಲರ ಬಾಯಲ್ಲೂ ಸೇಫ್ಟಿ ಮೇಡಂ ಆಗಿಬಿಟ್ಟಿದ್ದಳು.

ಆ ದಿನದ ಪಾಠ ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದರ ಬಗ್ಗೆ. ಬೋರ್ಡಿನ ಮೇಲೆ ಬಲಗಡೆಯಿಂದ ಬೀಸುವ ಗಾಳಿಗೆ ಒಂದು ಬಾಣ ಬರೆದು ತಿರುಗಿದರೆ, ಕೊನೆಯ ಸಾಲಿನಲ್ಲಿ ಹೊಸಬನೊಬ್ಬ ಕಣ್ಣು ಮುಚ್ಚಿಕೊಂಡು ಕೂತಿದ್ದ. ಅಗಲವಾದ ಭುಜ, ಮೊಣಕೈವರೆಗೆ ಮಡಚಿದ ತೋಳು, ಒಂದು ಹುಬ್ಬಿನ ಮೇಲೆ ಬಿಳಿಯದೇನೋ ಪುಡಿ. ತುಟಿ ಬೇರೆ ಅಲ್ಲಾಡುತ್ತಿತ್ತು. ಕನಸಿನಲ್ಲಿ ಯಾರ ಜೊತೆಗೋ ಸಲ್ಲಾಪವೂ ನಡೆದಿದೆ ಎಂದುಕೊಂಡಳು.

"ಕೊನೇ ಸಾಲಿನವರೇ, ದಿಂಬು ಏನಾದ್ರೂ ತರಿಸ್ಲಾ?"

ಕುರ್ಚಿಗಳೆಲ್ಲ ಕಿರ್ರೆಂದು ಹಿಂದಕ್ಕೆ ತಿರುಗಿದವು. ಅವನು ಕಣ್ಣು ಬಿಡಲಿಲ್ಲ.

"ಒಂದ್ನಿಮಿಷ ಮೇಡಂ. ನೆಲ ಹತ್ರ ಬಂದಿದೆ."

ಅವನ ಎಡಗಾಲು ನೆಲವನ್ನು ಮೆಲ್ಲಗೆ ಒತ್ತಿತು. ಎಡಗೈ ಗಾಳಿಯಲ್ಲೇ ಏನನ್ನೋ ಬಲಕ್ಕೆ ತಿರುಗಿಸಿ ಹಿಡಿದಿತ್ತು, ಬಲಗೈ ನಿಧಾನವಾಗಿ ಹಿಂದಕ್ಕೆ ಸರಿಯಿತು. ಆಮೇಲೆ ಉಸಿರು ಬಿಟ್ಟು ಕಣ್ಣು ತೆರೆದ.

"ಇಳೀತು. ನೀವು ಹೇಳಿದ ಹಾಗೇ ಗಾಳಿ ಕಡೆ ರೆಕ್ಕೆ ತಗ್ಗಿಸಿದ್ದೆ. ಆದ್ರೂ ಸ್ವಲ್ಪ ಎಡಕ್ಕೆ ಸರೀತು. ಇನ್ನೊಂದ್ಸಲ ಮಾಡ್ಲಾ?"

ಸೇಫ್ಟಿ ಮೇಡಂ ನಾಲಿಗೆ ಕಚ್ಚಿಕೊಂಡಳು. ಕಲಿಯುವ ದಿನಗಳಲ್ಲಿ ಅವಳೂ ಹೀಗೇ ಊಟದ ಮೇಜಿನ ಮುಂದೆ ಕಣ್ಣು ಮುಚ್ಚಿ ಕೂತು, ಚಮಚ ಹಿಡಿದು, ಇಲ್ಲದ ವಿಮಾನವನ್ನು ನೂರಾರು ಸಲ ಇಳಿಸಿದವಳು. ಕೋಣೆಯಲ್ಲಿ ಅವಳ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಿದ್ದವನನ್ನೇ ಅವಳು ಎಬ್ಬಿಸಲು ಹೋಗಿದ್ದಳು.

"ಮಾಡಿ," ಎಂದಳು. ಕೆನ್ನೆ ಬಿಸಿಯಾದದ್ದು ಯಾರಿಗೂ ಕಾಣದಿರಲಿ ಎಂದು ಬೋರ್ಡಿನ ಕಡೆ ತಿರುಗಿ, ಬರೆದಿದ್ದ ಬಾಣವನ್ನೇ ಮತ್ತೊಮ್ಮೆ ಬರೆದಳು.

ಅವನು ಪೇಟೆಬೀದಿಯ ಬೇಕರಿಯವನು. ಹುಬ್ಬಿನ ಮೇಲಿದ್ದದ್ದು ಮೈದಾ ಹಿಟ್ಟು. ಲೈಸೆನ್ಸ್ ಕೈಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಬಂದ ಖುಷಿಗೆ ಕ್ಲಬ್ಬಿಗೆ ಸೇರಿ, ಬರುವಾಗ ಒಂದು ಟ್ರೇ ಬಿಸಿ ಬನ್ನು ತಂದಿದ್ದ. ಬನ್ನಿನ ಪರೀಕ್ಷೆಯಲ್ಲಿ ಅವನು ಅಂದೇ ಪಾಸಾದ. ಇನ್ನೊಂದರಲ್ಲಿ ಮಾತ್ರ ಕಷ್ಟವಾಯಿತು.

ಈ ಇನ್ನೊಂದು ಯಾವುದೆಂದರೆ, ಆ ಕ್ಲಬ್ಬಿನದೇ ಒಂದು ಪದ್ಧತಿ. ರನ್‌ವೇ ಮೇಲೆ ಅಡ್ಡಕ್ಕೆ ಒಂದು ಸುಣ್ಣದ ಗೆರೆ ಎಳೆದಿರುತ್ತಿದ್ದರು. ಪಾಠ ಮುಗಿದ ಮೇಲೆ ಒಬ್ಬೊಬ್ಬರೂ ಹಾರಿ ಬಂದು ಆ ಗೆರೆಯ ಹತ್ತಿರ ಇಳಿಸಬೇಕು. ಇಳಿಯುವುದು ಸರಿಹೋಗಲಿಲ್ಲ ಎನಿಸಿ, ಚಕ್ರ ನೆಲ ಮುಟ್ಟುವ ಮುಂಚೆಯೇ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು, ಮತ್ತೆ ಮೇಲೇರಿ ಸುತ್ತು ಹಾಕಿಕೊಂಡು ಬಂದವರು ಯಾರೋ, ಅವರು ಆ ದಿನ ಎಲ್ಲರ ಕಾಫಿ ಕಪ್ಪು ತೊಳೆಯಬೇಕು. ಪದ್ಧತಿ ಶುರುಮಾಡಿದವರು ಸೇಫ್ಟಿ ಮೇಡಂನ ಅಪ್ಪ, ಕ್ಲಬ್ಬು ಕಟ್ಟಿದ ಕ್ಯಾಪ್ಟನ್. ತಮಾಷೆಗೆಂದು ಹುಟ್ಟಿದ್ದು ಬೆಳೆದು ಮರ್ಯಾದೆಯ ಪ್ರಶ್ನೆಯಾಗಿ ಕೂತಿತ್ತು. ಚಕ್ರಗಳು ಅಯ್ಯೋ ಎನ್ನುವಂತೆ ಕುಕ್ಕಿ ಇಳಿಸಿದರೂ ಸರಿ, ಸಿಂಕಿನ ಮುಂದೆ ನಿಲ್ಲುವುದು ಬೇಡ ಎಂದು ಎಲ್ಲರೂ ಮೂಗು ತಗ್ಗಿಸಿ ವಿಮಾನವನ್ನು ನೆಲಕ್ಕೆ ಒತ್ತಿಬಿಡುತ್ತಿದ್ದರು. ಕ್ಯಾಪ್ಟನ್ ಜೀವಮಾನದಲ್ಲಿ ಒಂದು ಕಪ್ಪೂ ತೊಳೆದವರಲ್ಲ. ಮಗಳೂ ಅಷ್ಟೇ.

ಅದೇ ಮಗಳು ಬೆಳಿಗ್ಗೆ ಪಾಠದಲ್ಲಿ, ಸರಿಹೋಗದಿದ್ದರೆ ಮೇಲಕ್ಕೆ ಹೋಗಿಬಿಡಿ, ಅದರಲ್ಲಿ ನಾಚಿಕೆಯೇನಿಲ್ಲ ಎಂದು ಒತ್ತಿ ಒತ್ತಿ ಹೇಳುತ್ತಿದ್ದಳು. ಮಧ್ಯಾಹ್ನ ಕಪ್ಪು ತೊಳೆಯುವವರನ್ನು ನೋಡಿ ಎಲ್ಲರ ಜೊತೆ ನಗುತ್ತಿದ್ದಳು. ಎರಡೂ ಒಂದೇ ಬಾಯಿ ಎಂಬುದು ಯಾರಿಗೂ ಹೊಳೆದಿರಲಿಲ್ಲ, ಆ ಬಾಯಿಯವಳಿಗೂ ಕೂಡ.

ಬೇಕರಿಯವನು ಮೊದಲ ದಿನವೇ ಗೆರೆಯ ಹತ್ತಿರ ಬಂದು ಮೇಲಕ್ಕೆ ಹೋದ. ಸುತ್ತು ಹಾಕಿ ಬಂದು ಮತ್ತೆ ಮೇಲಕ್ಕೆ ಹೋದ. ಬೆಂಚಿನ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯ ಸಲ ಅವನು ನಿದ್ದೆ ಬಂದ ಮಗುವನ್ನು ಹಾಸಿಗೆಯಲ್ಲಿ ಮಲಗಿಸುವಷ್ಟು ಮೆತ್ತಗೆ ಇಳಿಸಿದ್ದನ್ನು ಯಾರೂ ನೋಡಲಿಲ್ಲ, ಎಲ್ಲರೂ ಅವನಿಗೆ ಹೆಸರಿಡುವುದರಲ್ಲಿ ಮುಳುಗಿದ್ದರು. ಮೆಡಿಕಲ್ ಸ್ಟೋರಿನ ಮೀಸೆ ಮಾವ ಇಟ್ಟ ಹೆಸರೇ ಗಟ್ಟಿಯಾಯಿತು: ಇನ್ನೊಂದು ಸುತ್ತು.

ಇಳಿದದ್ದನ್ನು ನೋಡಿದವಳು ಸೇಫ್ಟಿ ಮೇಡಂ ಒಬ್ಬಳೇ. ಆದ್ದರಿಂದಲೇ ಇರಬೇಕು, ತನ್ನ ಖಾಲಿ ಕಪ್ಪು ಇಡುವ ನೆಪದಲ್ಲಿ ಅವಳು ಸಿಂಕಿನ ಹತ್ತಿರ ಹೋದಳು.

"ನಿಮ್ಮ ಕಪ್ಪು ಯಾವ್ದು ಮೇಡಂ? ಅದನ್ನ ಎರಡೆರಡು ಸಲ ತೊಳೀತೀನಿ. ನನ್ನ ಅಭ್ಯಾಸ ಗೊತ್ತಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ತನ್ನನ್ನೇ ಗೇಲಿ ಮಾಡಿಕೊಳ್ಳುವವರನ್ನು ಬೇರೆಯವರು ಗೇಲಿ ಮಾಡಿ ಏನು ಸುಖ? ಕೊಕ್ಕೆಗೆ ತೂಗುಹಾಕಿದ್ದ ಬಟ್ಟೆ ತೆಗೆದುಕೊಂಡು ಅವನು ತೊಳೆದಿಟ್ಟ ಕಪ್ಪುಗಳನ್ನು ಒರೆಸತೊಡಗಿದಳು.

ಅದೇ ರೂಢಿಯಾಯಿತು. ಬಹುಪಾಲು ಶನಿವಾರ ಅವನು ಒಂದಾದರೂ ಸುತ್ತು ಹೆಚ್ಚಿಗೆ ಹಾಕುತ್ತಿದ್ದ, ಬಹುಪಾಲು ಶನಿವಾರ ಅವಳು ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ನಿಮ್ಮ ಸಕ್ಕರೆ ಬನ್ನಿನಿಂದಲೇ ನನ್ನ ಕ್ಲಿನಿಕ್ಕು ನಡೀತಿರೋದು ಎಂದು ಅವಳು ಒಮ್ಮೆ ಅಂದರೆ, ಹಾಗಾದರೆ ನಾವಿಬ್ಬರೂ ಆಗಲೇ ಪಾರ್ಟ್ನರ್ಸ್ ಎಂದು ಅವನು. ಕಪ್ಪು ಕೊಡುವಾಗ ಅವನ ಒದ್ದೆ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ತಾಗಿದ್ದು ಗೊತ್ತೇ ಆಗಲಿಲ್ಲ ಎಂಬ ಹಾಗೆ ಇಬ್ಬರೂ ಕಿಟಕಿಯಾಚೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲವನ್ನು ನೋಡುತ್ತಿದ್ದರು. ಆ ಚೀಲವನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಪೈಲಟ್‌ಗಳು ಇನ್ನೆಲ್ಲೂ ಇರಲಿಕ್ಕಿಲ್ಲ.

ಅವನ ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು ಇರುತ್ತಿತ್ತು. ಹೇಳಿದರೆ ಒರೆಸಿಕೊಂಡುಬಿಡುತ್ತಾನೆಂದು ಅವಳು ಹೇಳಲೇ ಇಲ್ಲ.

ಒಂದು ದಿನ ಕೇಳಿಯೇ ಬಿಟ್ಟಳು. ಇವತ್ತು ಬೇರೆ ಯಾರಾಗಿದ್ದರೂ ಇಳಿಸಿಬಿಡುತ್ತಿದ್ದರು, ನೀವೇಕೆ ಮೇಲಕ್ಕೆ ಹೋದಿರಿ ಎಂದು.

ಅವನು ಕಪ್ಪಿನ ಕಿವಿಯ ಸಂದಿಯನ್ನು ಉಜ್ಜಿದ.

"ಕೆಳಗೆ ಬರ್ತಾ ಬೆಂಚಿನ ಮೇಲಿರೋರ ಮುಖ ನೆನಪಾಗತ್ತೆ ಮೇಡಂ. ನೆನಪಾಯ್ತು ಅಂದ್ರೆ ನಾನು ಅವರಿಗೋಸ್ಕರ ಇಳಿಸ್ತಾ ಇದೀನಿ ಅಂತ ಅರ್ಥ. ಆಗ ಮೇಲಕ್ಕೆ ಹೋಗಿಬಿಡ್ತೀನಿ. ನಗಲಿ ಬಿಡಿ. ವಿಮಾನ ನನ್ನ ಕೈಲಿದೆ, ಅವರ ಕೈಲಲ್ಲ."

ಹೇಳುವಾಗ ಅವನ ಧ್ವನಿಯಲ್ಲಿ ದೂರು ಇರಲಿಲ್ಲ, ತಲೆ ನೆಟ್ಟಗಿತ್ತು. ಸೋತವನ ಜಾಗದಲ್ಲಿ ನಿಂತು ಗೆದ್ದವನ ಹಾಗೆ ಕಪ್ಪು ತೊಳೆಯುತ್ತಿದ್ದ ಆ ಮನುಷ್ಯನನ್ನು ನೋಡಿ ಅವಳಿಗೆ ಎದೆಯಲ್ಲಿ ಏನೋ ಆಯಿತು. ಏನೋ ಏನು, ಪ್ರೀತಿಯೇ ಆಯಿತು. ಆದರೆ ಕ್ಯಾಪ್ಟನ್ ಮಗಳಿಗೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ಬೆಂಚಿನವರಿಗೆ ಕಣ್ಣಿಲ್ಲವೇ? ಒಂದು ಶನಿವಾರ ಕಾಫಿಯ ಹೊತ್ತಿಗೆ ವಕೀಲೆ, ಕಪ್ಪು ಒರೆಸುವ ಶಿಕ್ಷೆ ನಿನಗೆ ಯಾವ ಕೋರ್ಟು ಕೊಟ್ಟಿದ್ದಮ್ಮ ಎಂದು ಶುರುಮಾಡಿದಳು. ಮೀಸೆ ಮಾವ ಮೀಸೆ ತಿರುವಿಕೊಂಡು, ಕ್ಯಾಪ್ಟನ್ ಮನೆಗೆ ಇನ್ನುಮೇಲೆ ಬನ್ನು ಬಿಟ್ಟಿ ಬರುವ ಹಾಗಿದೆ ಎಂದರು. ನಗು ಎದ್ದಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಪತ್ರಿಕೆ ಕೆಳಗಿಳಿಸಿ ಮಗಳ ಮುಖ ನೋಡಿದರು. ನೋಡಿದರು ಅಷ್ಟೇ. ಆದರೂ ಅವಳಿಗೆ ಆ ಕ್ಷಣ, ಅಲ್ಲಿದ್ದವರೆಲ್ಲ ಸೇರಿ ತನ್ನನ್ನೇ ಸಿಂಕಿನ ಮುಂದೆ ನಿಲ್ಲಿಸಿದಂತಾಯಿತು.

"ಒಂದೇ ಸಲಕ್ಕೆ ಇಳಿಸೋಕೆ ಬರದೇ ಇರೋರ ಹತ್ರ ನನಗೇನು ಕೆಲಸ ಮಾವ? ಪಾಪ ಅಂತ ಒರೆಸಿಕೊಟ್ಟೆ."

ಹಿಂದಿನದಕ್ಕಿಂತ ಜೋರಾದ ನಗು ಬರಬೇಕಿತ್ತು. ಬರಲಿಲ್ಲ. ವಕೀಲೆ ಬಾಗಿಲ ಕಡೆ ನೋಡುತ್ತಿದ್ದಳು. ಖಾಲಿ ಟ್ರೇ ಹಿಡಿದು ಬೇಕರಿಯವನು ಅಲ್ಲಿ ನಿಂತಿದ್ದ.

ಅವನು ಒಳಗೆ ಬಂದ. ಒಬ್ಬೊಬ್ಬರ ಮುಂದಿನಿಂದಲೂ ಕಪ್ಪು ತೆಗೆದು ಟ್ರೇಯಲ್ಲಿ ಜೋಡಿಸಿಕೊಂಡ. ಅವಳ ಮುಂದಿನದನ್ನೂ ತೆಗೆದುಕೊಂಡ, ಕಿವಿ ಹಿಡಿದು, ಎಂದಿನಷ್ಟೇ ಜೋಪಾನವಾಗಿ. ಸ್ವಲ್ಪ ಹೊತ್ತು ಬಿಟ್ಟು ಅವಳು ಎದ್ದು ಹೋಗುವಷ್ಟರಲ್ಲಿ ಕೆಲಸವೆಲ್ಲ ಮುಗಿದಿತ್ತು.

"ಇವತ್ತು ನಾನೇ ಒರೆಸಿಬಿಟ್ಟೆ ಮೇಡಂ. ಪಾಪ ಅಂತ ಯಾರೂ ನಿಂತ್ಕೊಳ್ಳೋದು ಬೇಡ."

ಅವನು ಮುಖ ಊದಿಸಿಕೊಂಡು, ಬರುವುದನ್ನೇ ನಿಲ್ಲಿಸಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವನು ನಿಲ್ಲಿಸಲಿಲ್ಲ. ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ ಬಂದ, ಬನ್ನೂ ಬಂತು. ಕೊನೆಯ ಸಾಲು ಬಿಟ್ಟು ಮೊದಲ ಸಾಲಿನಲ್ಲಿ ಕೂತು, ಕಣ್ಣು ಅಗಲವಾಗಿ ಬಿಟ್ಟುಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ ಅವಳ ಪಾಠ ಕೇಳಿದ. ಅವಳು ಹೇಳಿದ ಮಾತು ಅವನೊಳಗೆ ವಿಮಾನವಾಗಿ ಹಾರುತ್ತಿದೆಯೋ ಇಲ್ಲವೋ ಈಗ ಗೊತ್ತಾಗುತ್ತಿರಲಿಲ್ಲ. ಕಪ್ಪು ತೊಳೆದು, ಒರೆಸಿ, ಎಲ್ಲರಿಗೂ ಬರ್ತೀನಿ ಎಂದು ಹೇಳಿ ಹೋಗುತ್ತಿದ್ದ. ಆ ಎಲ್ಲರಲ್ಲಿ ಅವಳೂ ಒಬ್ಬಳು ಅಷ್ಟೇ.

ವಾರವಿಡೀ ಅವಳಿಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಮುದುಕರೊಬ್ಬರ ಬಾಯಿಗೆ ಹತ್ತಿ ಇಟ್ಟು, ಈಗ ಹೇಳಿ ಏನು ತೊಂದರೆ ಎಂದು ಕೇಳಿ ಅವರನ್ನು ಗಾಬರಿ ಮಾಡಿದಳು.

ಮುಂದಿನ ಶನಿವಾರ ಗಾಳಿ ಸ್ವಲ್ಪ ತಂಟೆ ಮಾಡುತ್ತಿತ್ತು. ಅವಳ ಸರದಿ ಬಂದಾಗ ಬೇಲಿ ದಾಟುವಷ್ಟರಲ್ಲೇ ಗೊತ್ತಾಯಿತು, ಎತ್ತರ ಹೆಚ್ಚಾಗಿದೆ, ವೇಗವೂ ಹೆಚ್ಚಾಗಿದೆ. ಸುಣ್ಣದ ಗೆರೆ ವಿಮಾನದ ಮೂಗಿನ ಕೆಳಗೆ ಜಾರಿ ಹೋಗುತ್ತಿತ್ತು. ಹೀಗಾದಾಗ ಏನು ಮಾಡಬೇಕೆಂದು ಅವಳ ಕೈಗೆ ಚೆನ್ನಾಗಿ ಗೊತ್ತಿತ್ತು: ಸ್ವಲ್ಪ ಮೂಗು ತಗ್ಗಿಸಿ ಒತ್ತಿಬಿಟ್ಟರಾಯಿತು. ಎಷ್ಟೋ ಸಲ ಒತ್ತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಪ್ಪನಿಗೆ ಗೊತ್ತಾದರೂ ಅವರು ಹೇಳುವವರಲ್ಲ.

ಕಣ್ಣಂಚಿನಲ್ಲಿ ಬೆಂಚು ಕಂಡಿತು. ಮೀಸೆ ಕಂಡಿತು. ಕೈಕಟ್ಟಿ ನಿಂತ ಅಪ್ಪ ಕಂಡರು. ಇಷ್ಟು ವರ್ಷ ತಾನು ನೆಲಕ್ಕೆ ಇಳಿಯುತ್ತಿರಲಿಲ್ಲ, ಇವರ ಕಣ್ಣಿಗೆ ಇಳಿಯುತ್ತಿದ್ದೆ ಎಂದು ಅವಳಿಗೆ ಅರ್ಥವಾಯಿತು. ಬಲಗೈ ಥ್ರಾಟಲ್ಲನ್ನು ಪೂರ್ತಿ ಮುಂದಕ್ಕೆ ತಳ್ಳಿತು.

ಎಂಜಿನ್ ಅಬ್ಬರಿಸಿತು, ನೆಲ ಕೆಳಗೆ ಹೋಯಿತು. ಕೆಳಗಿನವರ ನಗು ಆ ಸದ್ದಿನಲ್ಲೂ ಕೇಳಿಸಿದಂತಾಗುತ್ತಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಎದೆಗಾರಿಕೆ ಬೇಕಾಗುತ್ತದೆಂದು ಪಾಠ ಮಾಡುವವಳಿಗೇ ಗೊತ್ತಿರಲಿಲ್ಲ. ಇದನ್ನು ಅವನು ವಾರವಾರವೂ ಮಾಡುತ್ತಿದ್ದ, ಎಲ್ಲರೂ ನೋಡುತ್ತಿರುವಾಗಲೇ. ಅವಳು ಅದನ್ನು ಪಾಪ ಎಂದಿದ್ದಳು. ಸುತ್ತು ಹಾಕಿ ತಿರುಗುವಾಗ ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಆದರೂ ಜೀವಮಾನದಲ್ಲೇ ಇಲ್ಲದಷ್ಟು ಹೆಮ್ಮೆ ಒಳಗೆ ತುಂಬಿಕೊಂಡಿತ್ತು.

ಇಳಿದು ಬಂದಾಗ ಬೆಂಚಿನವರು ಚಪ್ಪಾಳೆ ತಟ್ಟಿ ದಾರಿ ಬಿಟ್ಟರು, ಸೇಫ್ಟಿಯವರೂ ಸಿಂಕಿಗೆ ಬಂದರು ಎಂದು. ಅಪ್ಪ ಅವರಿವರಿಗೆ ಕೇಳಿಸುವ ಹಾಗೆ, ಗಾಳಿ ಜೋರಿತ್ತು ಎಂದರು.

"ಗಾಳಿ ಅಲ್ಲ ಅಪ್ಪ. ನಾನೇ ಎತ್ತರ ಬಂದಿದ್ದೆ," ಎಂದು ಅವಳು ತೋಳು ಮಡಚಿಕೊಂಡು ಒಳಗೆ ಹೋದಳು.

ಅರ್ಧದಷ್ಟು ಕಪ್ಪುಗಳನ್ನು ತೊಳೆದಿರಬೇಕು, ಪಕ್ಕದಲ್ಲಿ ಯಾರೋ ಒರೆಸುವ ಬಟ್ಟೆ ಎತ್ತಿಕೊಂಡರು. ಅಂದು ಅವನು ಒಂದೇ ಸಲಕ್ಕೆ ಇಳಿಸಿದ್ದ, ಅವನಿಗೆ ಅಲ್ಲಿ ಕೆಲಸವಿರಲಿಲ್ಲ.

"ಪಾಪ ಅಂತ ಬಂದ್ರಾ?" ಎಂದು ಕೇಳಿದಳು, ತಲೆ ಎತ್ತದೆ.

"ಇಲ್ಲ. ನಿಮ್ಮನ್ನ ನೋಡಿ ಹೆಮ್ಮೆ ಆಯ್ತು. ಹೇಳಿ ಹೋಗೋಣ ಅಂತ ಬಂದೆ."

ಅಂದು ಆಡಿದ ಮಾತು ತಪ್ಪು, ಆಡಿದ ಕ್ಷಣದಿಂದ ನೆಮ್ಮದಿಯಿಲ್ಲ, ಕ್ಷಮಿಸಿ ಎಂದು ನಲ್ಲಿಯ ನೀರಿಗೆ ಹೇಳುವ ಹಾಗೆ ಹೇಳಿದಳು. ಅವನು ಒಂದು ಕಪ್ಪು ಪೂರ್ತಿ ಒರೆಸಿ, ಕೆಳಗಿಟ್ಟು, ಅವಳ ಕಡೆ ತಿರುಗಿದ.

"ಆಡಿದ್ದು ಎಲ್ಲರ ಮುಂದೆ ಮೇಡಂ. ಕ್ಷಮೆ ಮಾತ್ರ ಸಿಂಕಿನ ಹತ್ರ."

ಅವಳು ತಲೆ ಎತ್ತಿದಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ನೋಡಿ ಅವಳಿಗೆ ನಲ್ಲಿ ನಿಲ್ಲಿಸುವುದೂ ಮರೆತುಹೋಯಿತು.

"ನಂಗೆ ನೀವು ಇಷ್ಟ. ಬೇಕಾದ್ರೆ ಈಗ್ಲೇ ಹೋಗಿ ಆ ಬೆಂಚಿನ ಮುಂದೆ ನಿಂತು ಹೇಳ್ತೀನಿ, ನಿಮ್ಮಪ್ಪ ಇದ್ರೂ ಹೇಳ್ತೀನಿ. ಆದ್ರೆ ಇಲ್ಲಿ ಮಾತ್ರ ಇಷ್ಟಪಟ್ಟು, ಆ ಬಾಗಿಲು ದಾಟಿದ ಮೇಲೆ ನಾಚಿಕೆ ಪಡೋ ಹಾಗಿದ್ರೆ ಬೇಡ. ದೊಡ್ಡ ಮನೆತನದವನು ಅಲ್ಲದೇ ಇರಬಹುದು, ಬೇಕರಿಯವನೇ ಇರಬಹುದು, ನನಗೆ ನಾನು ಕಡಿಮೆಯವನಲ್ಲ."

ಅವನೇ ಕೈ ಚಾಚಿ ನಲ್ಲಿ ನಿಲ್ಲಿಸಿ, ಬಟ್ಟೆಯನ್ನು ಕೊಕ್ಕೆಗೆ ಹಾಕಿ ಹೊರಟುಹೋದ.

ಮನೆಯಲ್ಲಿ ಅಮ್ಮನ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವಳು. ಗಂಡ ಪೈಲಟ್, ಮಗಳು ಪೈಲಟ್, ಆದರೂ ಒಂದೇ ಒಂದು ದಿನ ವಿಮಾನದ ಮೆಟ್ಟಿಲು ತುಳಿದವಳಲ್ಲ. ಕರೆದು ಕರೆದು ಇಬ್ಬರಿಗೂ ಸಾಕಾಗಿತ್ತು. ಅಮ್ಮನಿಗೆ ಎತ್ತರವೆಂದರೆ ಭಯ ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಅಂಥ ಅಮ್ಮ ಕಥೆಯೆಲ್ಲ ಕೇಳಿ, ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿ ಕೇಳಿದಳು:

"ಸರಿ ಕಾಣ್ಲಿಲ್ಲ ಅಂದ್ರೆ, ಎಲ್ಲರೂ ನಗ್ತಿದ್ರೂ, ವಾಪಸ್ ಹೋಗ್ತಾನಾ ಅವನು?"

"ಹ್ಞೂಂ ಅಮ್ಮ. ಪ್ರತಿ ಸಲ."

"ಹಾಗಾದ್ರೆ ಅವನ ಜೊತೆ ನಾನು ಕೂರ್ತೀನಿ."

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಅಮ್ಮ ಒಂದು ಶರ್ಟಿನ ತೋಳು ನೀಟಾಗಿ ಹಿಂದಕ್ಕೆ ಮಡಚಿದಳು.

"ನಂಗೆ ಎತ್ತರ ಭಯ ಅಂತ ನಿಮ್ಮಿಬ್ರಿಗೆ ಯಾರು ಹೇಳಿದ್ರು? ನಂಗೆ ಭಯ ನಿಮ್ಮಪ್ಪಂದು. ಕಾರಲ್ಲಿ ದಾರಿ ತಪ್ಪಿದ್ರೆ ಹಿಂದೆ ತಿರುಗಿಸಲ್ಲ, ಯಾರನ್ನೂ ಕೇಳಲ್ಲ, ಇದೇ ದಾರಿ ಅಂತಾರೆ. ಅಂಥೋರ ಜೊತೆ ಆಕಾಶದಲ್ಲಿ ಹೇಗೆ ಕೂರ್ಲಿ? ನೀನೂ ಅವರ ಮಗಳೇ."

ಮುಂದಿನ ಶನಿವಾರ ಸೆಮಿನಾರಿಗೆ ಅಮ್ಮ ಬಂದಳು. ಇಸ್ತ್ರಿ ಮಾಡಿದ ಸೀರೆ, ಕಾಲಿಗೆ ಗಟ್ಟಿ ಚಪ್ಪಲಿ, ಮೊದಲ ಸಾಲಿನಲ್ಲಿ ಬೇಕರಿಯವನ ಪಕ್ಕದ ಕುರ್ಚಿ. ಕ್ಯಾಪ್ಟನ್ ಅದು ಯಾಕೆಂದು ಅರ್ಥವಾಗದೆ ಕತ್ತು ಚಾಚಿ ಚಾಚಿ ನೋಡುತ್ತಿದ್ದರು. ಅಂದಿನ ಪಾಠ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವುದರ ಬಗ್ಗೆ. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿ, ಸೇಫ್ಟಿ ಮೇಡಂ ಕೈಲಿದ್ದ ಪೆನ್ನು ಮೇಜಿನ ಮೇಲಿಟ್ಟಳು.

"ಕೆಲವು ವಾರದ ಹಿಂದೆ ಇದೇ ಕೋಣೇಲಿ ನಿಮ್ಮೆಲ್ಲರ ಮುಂದೆ ಒಂದು ಮಾತು ಆಡಿದ್ದೆ. ಒಂದೇ ಸಲಕ್ಕೆ ಇಳಿಸೋಕೆ ಬರದೇ ಇರೋರ ಹತ್ರ ನನಗೇನು ಕೆಲಸ ಅಂತ. ಅದು ತಪ್ಪು. ಅವರಿಗೆ ಬರೋದು ನಮಗ್ಯಾರಿಗೂ ಬರಲ್ಲ, ನನಗೂ ಮೊನ್ನೆ ತನಕ ಬರ್ತಿರ್ಲಿಲ್ಲ. ನಮ್ಮಮ್ಮ ಇಷ್ಟು ವರ್ಷ ಯಾರ ವಿಮಾನಾನೂ ಹತ್ತಿಲ್ಲ. ಇವತ್ತು ಬೇಕರಿಯವರಿಗೆ ಒಪ್ಪಿಗೆ ಇದ್ರೆ, ಅಮ್ಮನ್ನ ಅವರ ಜೊತೆ ಕಳಿಸ್ತೀನಿ."

ಕೋಣೆಯಲ್ಲಿ ಕುರ್ಚಿಯೊಂದೂ ಕಿರ್ರೆನ್ನಲಿಲ್ಲ. ಕ್ಯಾಪ್ಟನ್ ಎದ್ದು ನಿಂತರು. ಮುಖ ಕೆಂಪಾಗಿತ್ತು, ಮಾತು ಅಮ್ಮನ ಕಡೆ ಹೊರಟಿತು. ನನ್ನ ಜೊತೆ ಒಂದು ದಿನ ಬರದವಳು ಎಂದು ಶುರುಮಾಡುವಷ್ಟರಲ್ಲೇ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಿದ್ದಳು.

"ನೀವೂ ಒಂದ್ಸಲ ಕಪ್ಪು ತೊಳೆದು ತೋರ್ಸಿ. ನಿಮ್ಮ ಜೊತೆಗೂ ಬರ್ತೀನಿ."

ಕ್ಯಾಪ್ಟನ್ ಕೂತುಕೊಂಡರು.

ಬೇಕರಿಯವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಇಷ್ಟನ್ನು ಅವನು ಕೇಳಿರಲಿಲ್ಲ, ಒಂದು ಮಾತು ಕೇಳಿದ್ದ ಅಷ್ಟೇ. ಅವನು ಅವಳ ಕಡೆ ನೋಡಿದ. ಅವಳು ಎಲ್ಲರೂ ನೋಡುತ್ತಿರುವ ಹಾಗೆಯೇ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಬಟ್ಟೆಚೀಲದ ನೆಪ ಬೇಕಾಗಲಿಲ್ಲ. ಅವನು ಅಮ್ಮನಿಗೆ, ಗಾಳಿ ಸ್ವಲ್ಪ ಇದೆ, ಅಲ್ಲಾಡಬಹುದು, ಬೇಡ ಎನಿಸಿದರೆ ಯಾವಾಗ ಬೇಕಾದರೂ ಹೇಳಿ ಎಂದ. ಹೇಳ್ತೀನಿ ಬಾರಪ್ಪ ಎಂದು ಅಮ್ಮ ಅವನಿಗಿಂತ ಮುಂದೆ ನಡೆದಳು.

ವಿಮಾನ ಮೇಲೇರಿದ ಮೇಲೆ ಬೆಂಚಿನವರೆಲ್ಲ ಕತ್ತೆತ್ತಿ ನೋಡುತ್ತ ಕೂತರು. ಸೇಫ್ಟಿ ಮೇಡಂ ಮಾತ್ರ ಕೂರಲಿಲ್ಲ. ಊರಿನ ಮೇಲೆ ಒಂದು ದೊಡ್ಡ ಸುತ್ತು ಹೊಡೆದು ಅದು ರನ್‌ವೇ ಕಡೆ ಮೂಗು ತಿರುಗಿಸಿದಾಗ ಅವಳಿಗೆ ಹೊಸದೊಂದು ಭಯ ಹುಟ್ಟಿತು. ಅಮ್ಮನಿಗೆ ಏನಾದರೂ ಆದೀತೆಂಬ ಭಯವಲ್ಲ. ಇವತ್ತೊಂದು ದಿನ ಅವನು ನನಗೋಸ್ಕರ ಇಳಿಸಿಬಿಟ್ಟರೆ? ಅಷ್ಟು ಜನರ ಮುಂದೆ ಅವಳು ಅವನ ಪರವಾಗಿ ಮಾತಾಡಿದ್ದಾಳೆ, ಪಕ್ಕದಲ್ಲಿ ಅವಳ ಅಮ್ಮ ಕೂತಿದ್ದಾಳೆ, ಕೆಳಗೆ ಕ್ಯಾಪ್ಟನ್ ನಿಂತಿದ್ದಾರೆ. ಅವಳ ಮಾನ ಉಳಿಸಲೆಂದು ಅವನು ತನ್ನ ಮಾನ ಕೈಬಿಟ್ಟರೆ, ಆಮೇಲೆ ಇಬ್ಬರಿಗೂ ಉಳಿಯುವುದೇನು?

ಬೇಲಿ ದಾಟುವಾಗ ಗಾಳಿಯೊಂದು ಅಡ್ಡ ಬಂದು ಬಲ ರೆಕ್ಕೆ ಎತ್ತಿತು. ವಿಮಾನ ಎಡಕ್ಕೆ ಸರಿಯಿತು. ಅವನು ಸರಿಮಾಡಿದ, ಮತ್ತೂ ಸರಿಯಿತು. ಕೆಟ್ಟದ್ದೇನಲ್ಲ, ಸ್ವಲ್ಪ ಒತ್ತಿದರೆ ಆಗುತ್ತಿತ್ತು. ಅವಳ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಹೋಗು, ಮೇಲಕ್ಕೆ ಹೋಗು, ನನ್ನ ಕಡೆ ನೋಡಬೇಡ, ಹೋಗು.

ಎಂಜಿನ್ನಿನ ಸದ್ದು ಒಮ್ಮೆಲೇ ಏರಿತು. ವಿಮಾನ ಬೆಂಚಿನ ಮುಂದೆಯೇ ಹಾದು, ಸುಣ್ಣದ ಗೆರೆಯನ್ನು ಕೆಳಗೆ ಬಿಟ್ಟು, ಬಿಸಿಲಲ್ಲಿ ಹೊಟ್ಟೆ ತೋರಿಸುತ್ತ ಮೇಲಕ್ಕೆ ಹೋಯಿತು.

ಮೀಸೆ ಮಾವ ಅಭ್ಯಾಸಬಲದಿಂದ ಬಾಯಿ ತೆರೆದರು. ಅವಳು ಅವರ ಕಡೆ ತಿರುಗಿದಳು. ಅವಳ ಮುಖ ನೋಡಿ ಅವರು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಹಲ್ಲಿನ ಡಾಕ್ಟರಮ್ಮನ ಮುಂದೆ ಹಾಗೆ ಬಾಯಿ ಮುಚ್ಚಿದವರು ಅವರೊಬ್ಬರೇ ಇರಬೇಕು.

"ನೋಡಿದ್ರಲ್ಲ ಮಾವ?" ಎಂದಳು. ಧ್ವನಿ ಬೆಂಚಿನ ಆ ಕೊನೆಯವರೆಗೂ ಕೇಳಿಸುವಷ್ಟಿತ್ತು. "ಅವರು ನನ್ನವರು."

ಕ್ಯಾಪ್ಟನ್ ಬಹಳ ಹೊತ್ತು ಆಕಾಶ ನೋಡುತ್ತಿದ್ದರು. ಅವರ ಹೆಂಡತಿ ಇದ್ದ ವಿಮಾನ ಅದು. ಅದು ಮೇಲಕ್ಕೆ ಹೋದಾಗ ಅವರು ಬಿಟ್ಟ ಉಸಿರು ಪಕ್ಕದಲ್ಲಿದ್ದ ಮಗಳಿಗೆ ಕೇಳಿಸಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು, ಒಳ್ಳೆ ಕೆಲಸ ಮಾಡಿದ ಎಂದರು. ಅಷ್ಟು ಹೇಳಲು ಅವರು ಪಟ್ಟ ಕಷ್ಟ ನೋಡಿ ಮಗಳಿಗೆ ಅವರ ಮೇಲೂ ಹೆಮ್ಮೆಯಾಯಿತು.

ಎರಡನೆಯ ಸಲ ವಿಮಾನ ಹೂವಿನಷ್ಟು ಹಗುರವಾಗಿ ಇಳಿಯಿತು, ಗೆರೆಯಿಂದ ಎಷ್ಟೋ ದೂರದಲ್ಲಿ. ಆ ದೂರವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಅಮ್ಮ ಕೆಳಗಿಳಿದಾಗ ಕೂದಲೆಲ್ಲ ಕೆದರಿತ್ತು, ಕಣ್ಣು ಹೊಳೆಯುತ್ತಿತ್ತು.

"ಮೊದಲನೇ ಸಲಾನೇ ಇಳಿಸಿಬಿಟ್ಟಿದ್ರೆ ನಮ್ಮನೆ ತಾರಸಿ ಸರಿಯಾಗಿ ಕಾಣ್ತಾನೇ ಇರ್ಲಿಲ್ಲ ಕಣ್ರೀ," ಎಂದು ಗಂಡನಿಗೆ ಹೇಳಿದಳು. "ನೀರಿನ ಟ್ಯಾಂಕಿನ ಮುಚ್ಚಳ ತೆಗೆದೇ ಇದೆ. ಹೋಗಿ ಮುಚ್ಚಿ."

ಅವರಿಬ್ಬರನ್ನು ಅಲ್ಲೇ ಬಿಟ್ಟು ಬೇಕರಿಯವನು ಬೆಂಚಿನ ಕಡೆ ನಡೆದು ಬಂದ. ಅವಳೂ ಎರಡು ಹೆಜ್ಜೆ ಮುಂದೆ ಹೋದಳು.

"ಬೆಂಚು ನೆನಪಾಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ನೀವು ನೆನಪಾದ್ರಿ. ಅದಕ್ಕೇ ಮೇಲಕ್ಕೆ ಹೋದೆ."

ಇದಕ್ಕಿಂತ ಚೆಂದದ ಮಾತನ್ನು ಯಾವ ಹೆಣ್ಣಿಗೂ ಯಾವ ಗಂಡೂ ಹೇಳಿರಲಾರ ಎಂದು ಅವಳಿಗೆ ಅನಿಸಿತು. ಅರ್ಥವಾಗುವುದಕ್ಕೆ ಪೈಲಟ್ಟೇ ಆಗಬೇಕು, ಅದು ಬೇರೆ ಮಾತು.

"ಕೆಳಗೆ ನೀವೂ ಏನೋ ಹೇಳಿದ್ರಂತೆ," ಎಂದ ಅವನು. ವಕೀಲೆ ಆಗಲೇ ಸನ್ನೆಯಲ್ಲಿ ಸುದ್ದಿ ಮುಟ್ಟಿಸಿಯಾಗಿತ್ತು. "ಎಂಜಿನ್ ಸದ್ದು. ನಂಗೆ ಕೇಳಿಸ್ಲಿಲ್ಲ."

ಸೇಫ್ಟಿ ಮೇಡಂ ಅವನ ಕೈ ಹಿಡಿದುಕೊಂಡಳು. ಅಪ್ಪ ನೋಡುತ್ತಿದ್ದರು, ಅಮ್ಮ ನೋಡುತ್ತಿದ್ದಳು, ಬೆಂಚಿನವರೆಲ್ಲ ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದರು. ಅವಳು ಅವನನ್ನು ಅವರ ಕಡೆಗೆ ತಿರುಗಿಸಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಮಾತನ್ನು ಮತ್ತೊಮ್ಮೆ ಹೇಳಿದಳು.